ಗಣಿಕೆ ಸೊಪ್ಪಿನ ರಸ

ರುದ್ರಪಟ್ಟಣ
24 ಜೂನ್ 2024

ನೇತ್ರಾವತಿಗೆ,

ಏನೆಂದು ಶುರುಮಾಡಬೇಕೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ಸೊಸೆಗೆ ಬರೆಯುವಾಗ ಸೌಭಾಗ್ಯವತಿ ಎಂದು ಬರೆಯಬೇಕೆಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ನಿನಗೆ ಈಗ ಹಾಗೆ ಬರೆಯುವಂತಿಲ್ಲ. ಬೇರೆ ಪದವನ್ನು ಯಾರೂ ಕಲಿಸಲಿಲ್ಲ.

ನಿನ್ನ ಹಳೆಯ ನಂಬರಿಗೆ ಬಹಳ ಸಲ ಫೋನು ಮಾಡಿದೆ. ಅದೀಗ ಬೇಲೂರಿನ ಯಾರದೋ ಆಗಿದೆ. ಹೋದ ವಾರ ನಮ್ಮ ಶಾಲೆಯ ಶಾಂತರಾಜು ಮೇಷ್ಟ್ರು ಪೇಪರು ಓದುತ್ತಾ ಅಡುಗೆಮನೆಗೆ ಬಂದರು. ನಾನಿನ್ನೂ ಅಲ್ಲೇ ಬಿಸಿಯೂಟದ ಅಡುಗೆಗೆ ಹೋಗುತ್ತಿದ್ದೇನೆ. "ಸರಸಮ್ಮ, ನೀವು ಮಕ್ಕಳ ಸಾರಿಗೆ ಹಾಕ್ತೀರಲ್ಲ ಗಣಿಕೆ ಸೊಪ್ಪು, ಅದ್ರಲ್ಲಿ ಲಿವರ್ ಕಾಯೋ ಅಂಶ ಇದ್ಯಂತೆ, ಹಾಸನದ ಕಾಲೇಜಲ್ಲಿ ಕಂಡುಹಿಡಿದವ್ರೆ" ಎಂದು ತೋರಿಸಿದರು. ಫೋಟೋದಲ್ಲಿ ಒಬ್ಬರು ಮೇಡಂ ನಿಂತಿದ್ದರು. ಅವರ ಹಿಂದೆ, ಸೊಪ್ಪಿನ ಕಟ್ಟು ಹಿಡಿದುಕೊಂಡು ನೀನಿದ್ದೆ. ತುಂಬ ಸಣ್ಣಗಾಗಿದ್ದೀಯ. ಕಾಲೇಜಿನ ಹೆಸರು ನೋಡಿಕೊಂಡು ಈ ಕಾಗದ ಹಾಕುತ್ತಿದ್ದೇನೆ.

ಅರುಣ ಹೋಗಿ ಎರಡು ವರ್ಷ ನಾಲ್ಕು ತಿಂಗಳಾಯಿತು. ನಿನ್ನ ಗಂಡ, ನನ್ನ ಒಬ್ಬನೇ ಮಗ. ಅವನ ವಿಷಯ ಮಾತಾಡಲು ನನಗೆ ಈ ಊರಿನಲ್ಲಿ ಯಾರೂ ಉಳಿದಿಲ್ಲ. ಹನ್ನೊಂದನೇ ದಿನದ ತಿಥಿ ಮುಗಿಸಿ ನೀನು ಸಂಜೆ ಬಸ್ಸಿಗೆ ಹೋದೆ. ನಾನು ಬಾಗಿಲಿಗೂ ಬರಲಿಲ್ಲ.

ಒಂದು ವಿಷಯ ಕೇಳಬೇಕು. ಕಾಯಿಲೆಯಲ್ಲಿ ಅವನು ನನ್ನ ಹತ್ತಿರ ಬಂದು ಇದ್ದಾಗ ಬೆಳಿಗ್ಗೆ ಬೆಳಿಗ್ಗೆ ಗಣಿಕೆ ಸೊಪ್ಪು ಅರೆದು ರಸ ಕುಡಿಸಿದೆ. ನನ್ನ ಅಜ್ಜಿ ಕಾಮಾಲೆಯಾದವರಿಗೆಲ್ಲ ಅದನ್ನೇ ಕೊಡುತ್ತಿದ್ದಳು. ನನ್ನ ಮೈದುನ ಲಕ್ಕಣ್ಣ ಊರೆಲ್ಲ ಹೇಳಿಕೊಂಡು ಬಂದ. ನನ್ನ ಎದುರಿಗೂ ಹೇಳಿದ. "ನೀವು ಕುಡಿಸಿದ್ದು ಗಣಿಕೆ ಅಲ್ಲ ಕಣತ್ಗೆ, ಅಂಗೇ ಕಾಣೋ ಯಾವ್ದೋ ಇಸದ ಸೊಪ್ಪು."

ಬಚ್ಚಲ ಹಿಂದಿನ ಅದೇ ಗಿಡದ್ದು ಒಂದು ಕಡ್ಡಿ, ಎಲೆ ಕಾಯಿ ಸಮೇತ ಇದರೊಳಗೆ ಇಟ್ಟಿದ್ದೇನೆ. ನಿಮ್ಮ ಮೇಡಂಗೆ ತೋರಿಸಿ, ಅದು ಸರಿಯಾದ ಸೊಪ್ಪೋ ಅಲ್ಲವೋ ಅಷ್ಟು ತಿಳಿಸು. ಬೇರೇನೂ ಬರೆಯಬೇಕಾಗಿಲ್ಲ.

ಸರಸಮ್ಮ

ಹಾಸನ
8 ಜುಲೈ 2024

ಅತ್ತೆಯವರಿಗೆ,

ಕಾಗದ ತಲುಪಿತು. ಎಲೆ ಪುಡಿಯಾಗಿತ್ತು. ಕಾಯಿ, ತೊಟ್ಟು ಚೆನ್ನಾಗಿದ್ದವು. ಅನಸೂಯಮ್ಮ ಮೇಡಂ ಭೂತಗನ್ನಡಿ ಹಿಡಿದು ನೋಡಿ ಗಣಿಕೆಯೇ ಎಂದರು. ನಮ್ಮ ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಿರುವ ಆರು ಸೊಪ್ಪುಗಳಲ್ಲಿ ಅದೂ ಒಂದು. ವಿಷದ ಸೊಪ್ಪಲ್ಲ. ಲಕ್ಕಣ್ಣ ಚಿಕ್ಕಮಾವನಿಗೆ ಹಾಗೆಂದು ಹೇಳಿ.

ಪೇಪರಿನವರು ಬರೆದಷ್ಟೆಲ್ಲ ಇನ್ನೂ ಗೊತ್ತಾಗಿಲ್ಲ. ಸೊಪ್ಪಿನಲ್ಲಿರುವ ಕೆಲವು ಅಂಶಗಳು ಲಿವರಿಗೆ ಪೆಟ್ಟು ಬೀಳದಂತೆ ತಡೆಯುತ್ತವೆಯೇ ಎಂದು ಇಲಿಗಳ ಮೇಲೆ ನೋಡುತ್ತಿದ್ದಾರೆ. ಕಂಡುಹಿಡಿಯುವವಳು ನಾನಲ್ಲ. ಸೊಪ್ಪು ತೊಳೆಯುವುದು, ನೆರಳಿನಲ್ಲಿ ಒಣಗಿಸುವುದು, ಪುಡಿ ಮಾಡಿ ಚೀಟಿ ಅಂಟಿಸುವುದು ನನ್ನ ಕೆಲಸ.

ನೀವು ಕೇಳಿದ್ದಕ್ಕೆ ಉತ್ತರ ಇಷ್ಟು.

ನೇತ್ರಾವತಿ

ರುದ್ರಪಟ್ಟಣ
11 ಆಗಸ್ಟ್ 2024

ನೇತ್ರಾವತಿಗೆ,

ನಿನ್ನ ಕಾಗದವನ್ನು ಲಕ್ಕಣ್ಣನಿಗೆ ಓದಿ ಹೇಳಿದೆ. "ಓದೋರು ಏನ್ ಬೇಕಾದ್ರೂ ಬರೀತಾರೆ" ಎಂದು ಎದ್ದು ಹೋದ. ಹೋಗಲಿ. ನನಗೆ ಎರಡು ದಿನ ಸಮಾಧಾನವಾಗಿ ನಿದ್ದೆ ಬಂತು. ಮೂರನೇ ದಿನದಿಂದ ಬರಲಿಲ್ಲ. ಸೊಪ್ಪು ಸರಿಯಾದದ್ದೇ ಆಗಿದ್ದರೆ, ಅದು ಲಿವರ್ ಕಾಯುವುದೇ ಆಗಿದ್ದರೆ, ಅವನು ಯಾಕೆ ಹೋದ?

ನಿನಗೆ ಹೇಳದೆ ಇಟ್ಟುಕೊಂಡ ಒಂದು ಮಾತಿದೆ. ಹೇಳದಿದ್ದರೆ ನಿಮ್ಮ ಮೇಡಂಗೂ ಲೆಕ್ಕ ಸಿಗುವುದಿಲ್ಲ.

ನೀನು ಚನ್ನರಾಯಪಟ್ಟಣದಲ್ಲಿ ಕೆಲಸಕ್ಕೆ ಹೋಗುವವಳು, ಹಗಲು ನೋಡಿಕೊಳ್ಳುವವರಿಲ್ಲ ಎಂದು ಅವನನ್ನು ನನ್ನ ಹತ್ತಿರ ಬಿಟ್ಟು ಹೋದೆಯಲ್ಲ. ಹೋಗುವಾಗ ಮಾತ್ರೆಯ ಪೊಟ್ಟಣ ನನ್ನ ಕೈಗೇ ಕೊಟ್ಟು, "ದಿನಕ್ಕೊಂದು, ಒಂದಿನಾನೂ ತಪ್ಪಿಸ್ಬೇಡಿ ಅತ್ತೆ" ಎಂದಿದ್ದೆ. ಮೂರು ದಿನ ಕೊಟ್ಟೆ. ಮಾತ್ರೆ ನುಂಗಿದರೆ ಅವನಿಗೆ ಓಕರಿಕೆ. ರಸ ಶುರುಮಾಡಿದ ದಿನ ನಾನೇ ಅವನಿಗೆ ಹೇಳಿದೆ. "ಎಲ್ಡು ಔಸ್ದಿ ಒಂದುಕ್ಕೊಂದು ಒಡೀತವೆ ಕಣಪ್ಪ. ರಸ ಕುಡಿಯೋಗಂಟ ಮಾತ್ರೆ ಬುಟ್ಬುಡು." ಅವನಿಗೂ ಬೇಕಾಗಿದ್ದುದು ಅದೇ. "ನೇತ್ರಂಗೆ ಏಳ್ಬ್ಯಾಡ ಕಣವ್ವ, ಬೈತಾಳೆ" ಎಂದ. ಇಬ್ಬರೂ ನಕ್ಕೆವು. ನೀನು ಸಂಜೆ ಫೋನು ಮಾಡಿ ಮಾತ್ರೆ ತಗೊಂಡ್ರಾ ಎಂದು ಕೇಳಿದಾಗಲೆಲ್ಲ ಅವನು ನನ್ನ ಮುಖ ನೋಡಿ ಹೂಂ ಎನ್ನುತ್ತಿದ್ದ.

ಹದಿನೆಂಟು ದಿನ ಹೀಗೆ ನಡೆಯಿತು. ಹತ್ತೊಂಬತ್ತನೇ ದಿನ ಕಣ್ಣು ಅರಿಶಿನವಾಗಿ ಹೊಟ್ಟೆ ಊದಿಕೊಂಡಿತು.

ಇಷ್ಟೆಲ್ಲ ಗೊತ್ತಿದ್ದೂ ತಿಥಿಯ ದಿನ, ಊಟಕ್ಕೆ ಎಲೆ ಹಾಕಿಸಿಕೊಂಡು ಕೂತ ಜನರ ಮುಂದೆ, "ಮಾತ್ರೆ ನುಂಗಿಸಿ ನುಂಗಿಸಿ ನನ್ನ ಮಗನ್ನ ತಿಂದ್ಕಂಡ್ಳು" ಎಂದು ನಿನ್ನನ್ನು ಅಂದೆ. ಯಾರಾದರೂ ನನ್ನನ್ನು ಕೇಳುವ ಮೊದಲೇ ನಿನ್ನ ಮೇಲೆ ಹಾಕಿಬಿಡಬೇಕು ಎನ್ನಿಸಿತು. ನೀನು ತಿರುಗಿ ಒಂದು ಮಾತೂ ಆಡಲಿಲ್ಲ. ಅದು ಯಾಕೆಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಸರಸಮ್ಮ

ಹಾಸನ
29 ಸೆಪ್ಟೆಂಬರ್ 2024

ಅತ್ತೆಯವರಿಗೆ,

ಉತ್ತರಿಸಲು ತಡವಾಯಿತು. ನಾಲ್ಕು ಸಲ ಬರೆದು ಹರಿದಿದ್ದೇನೆ.

ಮಾತ್ರೆ ಬಿಟ್ಟದ್ದು ನನಗೆ ಆಗಲೇ ಗೊತ್ತಿತ್ತು. ಆಸ್ಪತ್ರೆಗೆ ಸೇರಿಸಿದ ದಿನ ಅವರ ಚೀಲದಲ್ಲಿ ಟವಲು ಹುಡುಕುವಾಗ ಪೊಟ್ಟಣ ಸಿಕ್ಕಿತು. ಎಣಿಸಿದೆ. ಡಾಕ್ಟರಿಗೆ ಹೇಳಿದೆ. ನಿಮಗೆ ಹೇಳಲಿಲ್ಲ.

ನೀವು ಕೇಳಿದ್ದನ್ನು ಮೇಡಂ ಹತ್ತಿರ ನಮ್ಮ ಮನೆಯ ವಿಷಯ ಎನ್ನದೆ ಕೇಳಿದೆ. ಅವರು ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಇಲಿಗಳಿಗೆ ಮೊದಲು ಎರಡು ವಾರ ಗಣಿಕೆಯ ಸಾರ ಕೊಡುತ್ತಾರೆ. ಆಮೇಲೆ ಲಿವರ್ ಕೆಡಿಸುವ ಔಷಧಿ ಕೊಡುತ್ತಾರೆ. ಸೊಪ್ಪು ತಿಂದ ಇಲಿಗಳ ಲಿವರು ಉಳಿದವುಗಳಷ್ಟು ಹಾಳಾಗುವುದಿಲ್ಲ. ಸೊಪ್ಪಿನಲ್ಲಿರುವ ಫ್ಲೇವನಾಯ್ಡ್ ಎಂಬ ಅಂಶಗಳು ಜೀವಕೋಶಗಳಿಗೆ ಬೀಳುವ ಪೆಟ್ಟನ್ನು ತಾವು ತಡೆದುಕೊಳ್ಳುತ್ತವಂತೆ. ಆದರೆ ಅದೆಲ್ಲ ಪೆಟ್ಟು ಬೀಳುವುದಕ್ಕೆ ಮೊದಲು. "ಆಗ್ಲೇ ಗಟ್ಟಿಯಾಗಿ ಮುದುಡಿಹೋದ ಲಿವರ್ರನ್ನ ಮತ್ತೆ ಹಿಂದಕ್ಕೆ ತರೋ ಸೊಪ್ಪು ನಂಗಂತೂ ಗೊತ್ತಿಲ್ಲ ಕಣಮ್ಮ. ಇಲಿ ಮೇಲೆ ಕಂಡದ್ದು ಮನುಷ್ಯನ ಮೇಲೂ ಹಾಗೇ ಅಂತ ಹೇಳೋಕೂ ನಾನು ತಯಾರಿಲ್ಲ" ಎಂದರು.

ನಿಮ್ಮ ಮಗನ ಲಿವರು ನಿಮ್ಮಲ್ಲಿಗೆ ಬರುವ ಮೊದಲೇ ಮುದುಡಿತ್ತು. ಸ್ಕ್ಯಾನಿಂಗ್ ಚೀಟಿ ನನ್ನ ಬಳಿ ಇದೆ.

ನಿಮಗೆ ಸುಳ್ಳು ಹೇಳಲಾರೆ ಅತ್ತೆ. ಮಾತ್ರೆ ನಿಲ್ಲಿಸಿದ್ದು ತಪ್ಪು. ಒಳಗಿದ್ದ ಸೋಂಕನ್ನು ಅದು ಅದುಮಿ ಹಿಡಿದಿತ್ತು. ನಿಲ್ಲಿಸದಿದ್ದರೆ ಇನ್ನಷ್ಟು ತಿಂಗಳೋ ವರ್ಷವೋ ಇರುತ್ತಿದ್ದರೇನೋ. ಅದೊಂದರಿಂದಲೇ ಹೋದರು ಎಂದೂ ಯಾವ ಡಾಕ್ಟರೂ ಹೇಳಲಿಲ್ಲ. ಸೊಪ್ಪಿನಿಂದ ಅವರಿಗೆ ಏನೂ ಆಗಲಿಲ್ಲ. ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ.

ಇವತ್ತು ಭಾನುವಾರ. ಇಲಿಗಳಿಗೆ ನೀರು ಹಾಕುವ ಸರದಿ ನನ್ನದಲ್ಲದಿದ್ದರೂ ಲ್ಯಾಬಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ರೂಮಿನಲ್ಲಿ ಕೂತರೆ ಶನಿವಾರ ಸಂಜೆಯಿಂದ ಸೋಮವಾರದವರೆಗೆ ನನ್ನ ದನಿಯೇ ನನಗೆ ಕೇಳಿಸುವುದಿಲ್ಲ.

ನೀವು ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆಪಟೈಟಿಸ್ ಬಿ ನೋಡಬೇಕು ಎಂದರೆ ಸಾಕು. ತಡಮಾಡಬೇಡಿ.

ನೇತ್ರಾವತಿ

ರುದ್ರಪಟ್ಟಣ
20 ಅಕ್ಟೋಬರ್ 2024

ನೇತ್ರಾವತಿಗೆ,

ನಿನ್ನ ಕಾಗದ ಓದಿ ಹೆಚ್ಚು ಅಳಲಿಲ್ಲ. ಸುಳ್ಳು ಹೇಳಲಿಲ್ಲವಲ್ಲ ಎಂದು ಮನಸ್ಸು ಒಂಥರಾ ಗಟ್ಟಿಯಾಯಿತು.

ಆದರೆ ನನ್ನ ರಕ್ತ ಯಾಕೆ? ನನಗೇನೂ ಆಗಿಲ್ಲ. ಎಪ್ಪತ್ತು ಮಕ್ಕಳಿಗೆ ಅನ್ನ ಬಸಿಯುತ್ತೇನೆ. ನೆಗಡಿ ಬಿಟ್ಟರೆ ಬೇರೆ ಕಾಯಿಲೆ ಕಂಡವಳಲ್ಲ. ಕೊನೆಯಲ್ಲಿ ಎರಡು ಸಾಲು ಬರೆದು ಪೆನ್ನು ಮುಚ್ಚಿಟ್ಟಿದ್ದೀಯ. ಏನನ್ನೋ ಹೇಳದೆ ಬಿಟ್ಟಿದ್ದೀಯ.

ಊರಿನಲ್ಲಿ ಎಲ್ಲರೂ ಹೇಳುವುದು, ಲಿವರ್ ಹೋಯಿತು ಎಂದರೆ ಕುಡಿತವೇ ಎಂದು. ಎಳನೀರಿನ ಟೆಂಪೋ ಓಡಿಸುವವನು, ನುಗ್ಗೇಹಳ್ಳಿಯಿಂದ ಎಲ್ಲೆಲ್ಲಿಗೋ ಹೋಗುವವನು, ನನ್ನ ಕಣ್ಣಿಗೆ ಬೀಳದಂತೆ ಕುಡಿಯುತ್ತಿದ್ದನೇ? ಹೌದಾದರೆ ಹೌದು ಎಂದು ಬರೆ. ಈ ವಯಸ್ಸಿನಲ್ಲಿ ನನಗೆ ನಿಜ ಗೊತ್ತಾದರೆ ಆಗುವುದೇನೂ ಇಲ್ಲ.

ಸರಸಮ್ಮ

ಹಾಸನ
3 ನವೆಂಬರ್ 2024

ಅತ್ತೆಗೆ,

ಕುಡಿಯುತ್ತಿರಲಿಲ್ಲ. ಆರು ವರ್ಷ ಅವರ ಜೊತೆ ಬದುಕಿದವಳು ನಾನು. ಎಳನೀರು ಬಿಟ್ಟು ಬೇರೆ ಏನನ್ನೂ ಕುಡಿದವರಲ್ಲ. ಅದನ್ನು ಯಾರ ಮುಂದೆ ಬೇಕಾದರೂ ಹೇಳಿ.

ಅವರಿಗೆ ಇದ್ದದ್ದು ಹೆಪಟೈಟಿಸ್ ಬಿ. ಅದೊಂದು ಸೋಂಕು. ಎಷ್ಟೋ ವರ್ಷ ಒಳಗೇ ಇದ್ದು, ಏನೂ ತೋರಿಸದೆ, ಲಿವರನ್ನು ಮೆಲ್ಲಗೆ ಕೆಡಿಸುತ್ತದೆ. ರಕ್ತದಿಂದ ಬರುತ್ತದೆ, ಸರಿಯಾಗಿ ತೊಳೆಯದ ಸೂಜಿಯಿಂದ ಬರುತ್ತದೆ. ಗಂಡ ಹೆಂಡಿರ ನಡುವೆಯೂ ಹರಡುತ್ತದೆ. ನನಗೆ ಪರೀಕ್ಷೆ ಮಾಡಿದರು, ಇರಲಿಲ್ಲ. ಲಸಿಕೆ ಹಾಕಿದರು.

ಇನ್ನೊಂದು ದಾರಿಯೂ ಇದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ.

ಅವರದು ಬಹಳ ಹಳೆಯ ಸೋಂಕು, ಹುಟ್ಟಿದಾಗಲೇ ಬಂದಿರಬಹುದು, ತಾಯಿಯನ್ನೂ ಕರೆದುಕೊಂಡು ಬನ್ನಿ ಎಂದು ಕಾಯಿಲೆ ಗೊತ್ತಾದ ದಿನವೇ ಡಾಕ್ಟರು ಹೇಳಿದರು. ಆಸ್ಪತ್ರೆಯಿಂದ ಬಂದು ಚನ್ನರಾಯಪಟ್ಟಣ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಬಸ್ಸುಗಳೆಲ್ಲ ಹೋಗುತ್ತಿದ್ದವು. ಬಹಳ ಹೊತ್ತಾದ ಮೇಲೆ ಅವರು, "ಅವ್ವಂಗೆ ಮಾತ್ರ ಏಳ್ಬ್ಯಾಡ ಕಣೆ. ಅವ್ಳಿಂದ್ಲೇ ಬಂತು ಅಂತ ಗೊತ್ತಾದ್ರೆ ಅವ್ಳು ಬದ್ಕಕಿಲ್ಲ" ಎಂದರು. "ಅವರಿಗೂ ಇದ್ರೆ ಏನ್ ಮಾಡೋದು" ಎಂದು ಕೇಳಿದೆ. "ನಾನು ಉಸಾರಾಗ್ಲಿ, ನಾನೇ ಎಂಗಾರ ಮಾಡಿ ಕರ್ಕೊಂಡೋಗ್ತೀನಿ" ಎಂದು ನನ್ನ ಕೈ ಹಿಡಿದು ಆಣೆ ಮಾಡಿಸಿಕೊಂಡರು.

ತಿಥಿಯ ದಿನ ನೀವು ಹಾಗೆ ಅಂದಾಗ ತಿರುಗಿ ಮಾತಾಡಿದ್ದರೆ ಇದೆಲ್ಲ ನನ್ನ ಬಾಯಿಂದ ಬಂದುಬಿಡುತ್ತಿತ್ತು. ಅದಕ್ಕೇ ಸುಮ್ಮನಿದ್ದೆ. ನಂಬರು ಬದಲಾಯಿಸಿದ್ದೂ ಅದಕ್ಕೇ. ನಿಮ್ಮ ಮೇಲೆ ಸಿಟ್ಟೂ ಇತ್ತು, ಇಲ್ಲವೆನ್ನುವುದಿಲ್ಲ. ಆ ಸಿಟ್ಟಿನಲ್ಲಿ ಎರಡು ವರ್ಷ ನಿಮ್ಮನ್ನು ಪರೀಕ್ಷೆಗೆ ಕಳಿಸಲಿಲ್ಲ. ಅದು ನನ್ನ ತಪ್ಪು.

ನಿಮ್ಮಿಂದಲೇ ಬಂತು ಎಂದು ಯಾರೂ ಖಚಿತವಾಗಿ ಹೇಳಲಾರರು. ಬಂದಿದ್ದರೂ ನೀವು ಕೊಟ್ಟದ್ದಲ್ಲ. ನಿಮಗೆ ಗೊತ್ತೇ ಇರಲಿಲ್ಲ.

ಇಂದು ಆಣೆ ಮುರಿದಿದ್ದೇನೆ. ಪರೀಕ್ಷೆ ಮಾಡಿಸಿ ಅತ್ತೆ.

ನೇತ್ರಾವತಿ

ರುದ್ರಪಟ್ಟಣ
19 ಜನವರಿ 2025

ನೇತ್ರಾ,

ಎರಡೂವರೆ ತಿಂಗಳು ಬರೆಯಲಿಲ್ಲ. ನೀನು ಹಾಕಿದ ಎರಡು ಕಾರ್ಡೂ ಬಂದವು. ಬದುಕಿದ್ದೇನೆ.

ಹೋದ ಸೋಮವಾರ ಹೊಳೆನರಸೀಪುರಕ್ಕೆ ಹೋಗಿದ್ದೆ. ಅರಕಲಗೂಡಿನಲ್ಲಾದರೆ ಗುರುತಿನವರು ಸಿಗುತ್ತಾರೆ. ಆಸ್ಪತ್ರೆಯಲ್ಲಿ ರಕ್ತ ತೆಗೆದ ನರ್ಸು, "ಜೊತೇಲಿ ಯಾರೂ ಬಂದಿಲ್ವಾ ಅಜ್ಜಿ?" ಎಂದು ಕೇಳಿದಳು. "ಬತ್ತಾವ್ರೆ ಕಣವ್ವ, ಇಂದೆ ಬತ್ತಾವ್ರೆ" ಎಂದೆ. ಆಮೇಲೆ ಬಾಗಿಲ ಕಡೆಗೇ ನೋಡುತ್ತಾ ಕೂತಿದ್ದೆ, ನಿಜವಾಗಿಯೂ ಯಾರೋ ಬರುವವರಿದ್ದಾರೆ ಎನ್ನುವ ಹಾಗೆ.

ಇದೆಯಂತೆ. ಡಾಕ್ಟರು ಸಣ್ಣ ಹುಡುಗಿ. ಹಾಸನಕ್ಕೆ ಹೋಗಿ ಇನ್ನೊಂದು ಪರೀಕ್ಷೆ ಮಾಡಿಸಬೇಕು ಎಂದು ಚೀಟಿ ಬರೆದು ಕೊಟ್ಟಳು. "ಎಷ್ಟು ಮಕ್ಳು?" ಎಂದಳು. ಒಬ್ಬ ಎಂದೆ. "ಅವ್ರಿಗೂ ಪರೀಕ್ಷೆ ಮಾಡಿಸ್ಬೇಕು, ಕರ್ಕೊಂಡ್ಬನ್ನಿ" ಎಂದಳು. ಆಗಲಿ ಎಂದು ಎದ್ದು ಬಂದೆ.

ಅರುಣ ಹುಟ್ಟಿದ್ದು ನಡುಮನೆಯಲ್ಲಿ. ಎರಡು ದಿನ ನೋವು ತಿಂದೆ. ಹುಟ್ಟಿದ ಮೇಲೆ ಅಳಲೇ ಇಲ್ಲ. ಸೂಲಗಿತ್ತಿ ಬೆನ್ನಿಗೆ ತಟ್ಟಿ ತಟ್ಟಿ ಅಳಿಸಿದಳು. ಆ ದನಿ ಕೇಳಿ ಸಾಕು, ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಅವತ್ತಿನಿಂದ ಶಾಲೆಗೆ ಹೋಗಿಲ್ಲ. ಮಂಡಿನೋವು ಎಂದು ಹೇಳಿ ಕಳಿಸಿದ್ದೇನೆ. ಶಾಂತರಾಜು ಮೇಷ್ಟ್ರು ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದರು. ನಾನು ಬೇಯಿಸಿದ್ದನ್ನು ಆ ಮಕ್ಕಳು ಹೇಗೆ ಉಣ್ಣಬೇಕು? ಮನೆಯಲ್ಲಿ ನನ್ನ ತಟ್ಟೆ ಲೋಟ ಬೇರೆ ತೆಗೆದಿಟ್ಟಿದ್ದೇನೆ. ಇರುವವಳು ನಾನೊಬ್ಬಳೇ, ಯಾರಿಂದ ಬೇರೆ ಎಂದು ಆಮೇಲೆ ಹೊಳೆಯಿತು.

ಸರಸಮ್ಮ

ಹಾಸನ
24 ಜನವರಿ 2025

ಅತ್ತೆ,

ಕಾಗದ ಈಗ ತಾನೇ ಬಂತು. ನಿಂತುಕೊಂಡೇ ಬರೆಯುತ್ತಿದ್ದೇನೆ, ನಾಲ್ಕು ಗಂಟೆಯ ಟಪಾಲಿಗೆ ಹಾಕಬೇಕು.

ತಟ್ಟೆ ಲೋಟ ಮತ್ತೆ ಜೊತೆಗೇ ಇಡಿ. ಅಡುಗೆಯಿಂದ ಹರಡುವುದಿಲ್ಲ. ಒಟ್ಟಿಗೆ ಉಂಡರೆ, ಮುಟ್ಟಿದರೆ, ಮಕ್ಕಳನ್ನು ಎತ್ತಿಕೊಂಡರೆ ಹರಡುವುದಿಲ್ಲ. ನಾನು ಇಲ್ಲಿನ ಡಾಕ್ಟರನ್ನು ಕೇಳಿಯೇ ಬರೆಯುತ್ತಿದ್ದೇನೆ. ಕೈಗೆ ಗಾಯವಾದರೆ ಪಟ್ಟಿ ಕಟ್ಟಿಕೊಳ್ಳಿ, ನಿಮ್ಮ ಬ್ಲೇಡು ಸೂಜಿ ಬೇರೆಯವರಿಗೆ ಕೊಡಬೇಡಿ. ಅಷ್ಟೇ. ಶಾಲೆಗೆ ಹೋಗಿ.

ಸೋಂಕು ಇರುವವರಿಗೆಲ್ಲ ಅವರಿಗಾದಂತೆ ಆಗುವುದಿಲ್ಲ. ಎಷ್ಟೋ ಜನಕ್ಕೆ ಅದು ಸುಮ್ಮನೆ ಮಲಗಿರುತ್ತದೆ. ನೋಡುತ್ತಿರಬೇಕು ಅಷ್ಟೆ. ಮಾತ್ರೆ ಬೇಕೆಂದರೆ ಈ ಸಲ ಬಿಡುವ ಹಾಗಿಲ್ಲ, ಸೊಪ್ಪನ್ನು ಸಾರಿಗೆ ಹಾಕಿಕೊಂಡು ಉಣ್ಣಿ.

ನಿಮ್ಮ ಇನ್ನೊಂದು ಪರೀಕ್ಷೆಗೆಂದು ಫೆಬ್ರವರಿ 4, ಮಂಗಳವಾರ ರಜೆ ಕೇಳಿದ್ದೇನೆ. ಇಲ್ಲಿ ಹಾಸನದಲ್ಲಿ ಅರಕಲಗೂಡಿನ ಬಸ್ಸು ನಿಲ್ಲುವ ಜಾಗದಲ್ಲಿ ಬೆಳಿಗ್ಗೆ ಎಂಟರಿಂದ ನಿಂತಿರುತ್ತೇನೆ. ಯಾವ ಬಸ್ಸಿಗೆ ಬಂದರೂ ಸರಿ. ನನ್ನ ಹೊಸ ನಂಬರನ್ನು ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ನೇತ್ರಾ

ರುದ್ರಪಟ್ಟಣ
5 ಮಾರ್ಚ್ 2025

ನೇತ್ರಾ,

ನಂಬರು ಇದ್ದರೂ ಕಾಗದವನ್ನೇ ಬರೆಯುತ್ತಿದ್ದೇನೆ. ಹಾಸನದಲ್ಲಿ ಅವತ್ತು ಇಡೀ ದಿನ ಜೊತೆಗಿದ್ದೂ ನಾವು ಚೀಟಿ, ಬಸ್ಸು, ಊಟ ಇಷ್ಟರ ಮೇಲೆ ಏನು ಮಾತಾಡಿದೆವು? ನೀನು ನನ್ನ ಎಲೆಗೆ ಪಲ್ಯ ಹಾಕಿಸಿದೆ. ನಾನು ಸಾಕು ಎಂದೆ. ಎದುರೆದುರು ಕೂತರೆ ನಮ್ಮಿಬ್ಬರ ನಡುವೆ ಅವನು ಬಂದು ಕೂತುಬಿಡುತ್ತಾನೆ. ಲಿವರು ಚೆನ್ನಾಗಿದೆ, ಈಗ ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ಬನ್ನಿ ಎಂದು ಡಾಕ್ಟರು ಹೇಳಿದಾಗ ನೀನು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ನನಗೆ ಸಂತೋಷವಾಗಲಿಲ್ಲ. ಅವನಿಗೆ ಕೊಟ್ಟು ನಾನು ಚೆನ್ನಾಗಿದ್ದೇನಲ್ಲ ಎಂದುಕೊಂಡೆ.

ಹೋದ ತಿಂಗಳು 27ಕ್ಕೆ ಅವನ ಮೂರನೇ ವರ್ಷದ ಎಡೆ ಇಟ್ಟೆ. ನೀನು ಬರಬೇಕೆಂದು ಕರೆಯಲಿಲ್ಲ. ನಾನು ಮಾಡಬೇಕೆಂದುಕೊಂಡದ್ದನ್ನು ನಿನ್ನೆದುರು ಮಾಡಲು ಧೈರ್ಯವಿರಲಿಲ್ಲ. ಅವತ್ತು ತಿಥಿಗೆ ಬಂದಿದ್ದವರನ್ನೆಲ್ಲ ಹೇಳಿ ಕರೆಸಿದ್ದೆ. ಇಪ್ಪತ್ತೆಂಟು ಜನ. ಬಡಿಸುವ ಮೊದಲು ನಡುಮನೆಯಲ್ಲಿ ನಿಂತು ಹೇಳಿದೆ.

"ಅವತ್ತು ಇದೇ ಜಾಗ್ದಲ್ಲಿ ನಮ್ಮ ಸೊಸೇನ ಅಂದಿದ್ದೆ. ಅದು ಸುಳ್ಳು. ಮಾತ್ರೆ ಬುಡ್ಸಿದ್ದು ನಾನು. ಅವ್ನು ಕುಡೀತಿರ್ಲಿಲ್ಲ. ಆ ಕಾಯ್ಲೆ ನನ್ನ ಮೈಯಾಗೈತೆ, ನನ್ನಿಂದ್ಲೇ ಅವ್ನಿಗೆ ಓಗೈತೆ. ಅವ್ಳು ಎಲ್ಲಾ ಗೊತ್ತಿದ್ದೂ ನನ್ನ ಮಾನ ಕಾದ್ಲು."

ಲಕ್ಕಣ್ಣನ ಹೆಂಡತಿ ಮೊಮ್ಮಗುವನ್ನು ಎತ್ತಿಕೊಂಡು ಎದ್ದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಲಕ್ಕಣ್ಣ ಒಬ್ಬನೇ ಕೂತಿದ್ದ. "ಬಡ್ಸತ್ಗೆ" ಎಂದ. ಬಡಿಸಿದೆ. ತಲೆ ಎತ್ತದೆ ಉಂಡು, ಎಲೆ ತಾನೇ ಎತ್ತಿಕೊಂಡು ಹೋದ.

ನೀನು ಬರೆದ ಮೇಲೆ ನಾನು ಮತ್ತೆ ಹೋಗುತ್ತಿದ್ದ ಶಾಲೆಗೆ ಮಾರನೇ ದಿನವೇ ಸುದ್ದಿ ಮುಟ್ಟಿತು. ಮೇಷ್ಟ್ರು ಪೋಷಕರನ್ನು ಕರೆದು ಡಾಕ್ಟರ ಚೀಟಿ ಓದಿ ಹೇಳಿದರು. "ಅವ್ರು ಬರ್ತಾರೆ, ಅವ್ರೇ ಅಡುಗೆ ಮಾಡ್ತಾರೆ" ಎಂದರು. ಆದರೂ ಈಗ ಅರ್ಧಕ್ಕರ್ಧ ಮಕ್ಕಳು ಮನೆಯಿಂದ ಡಬ್ಬಿ ತರುತ್ತಿವೆ. ಪಾತ್ರೆಯಲ್ಲಿ ಸಾರು ಉಳಿಯುತ್ತದೆ. ಸುರಿಯುವಾಗ ಕೈ ಬರುವುದಿಲ್ಲ.

ನಿನ್ನ ಮೇಲೆ ಆಡಿದ ಮಾತನ್ನು ಆಡಿದ ಜಾಗದಲ್ಲೇ ವಾಪಸು ತೆಗೆದುಕೊಂಡಿದ್ದೇನೆ. ಕೇಳಿಸಿಕೊಳ್ಳಬೇಕಾದವಳು ಅಲ್ಲಿರಲಿಲ್ಲ, ಅದಕ್ಕೆ ಈ ಕಾಗದ. ನನ್ನನ್ನು ಕ್ಷಮಿಸು ಎಂದು ಬರೆದರೆ ನೀನು ಉತ್ತರ ಬರೆಯಬೇಕಾಗುತ್ತದೆ. ಹಾಗಾಗಿ ಬರೆಯುವುದಿಲ್ಲ.

ನಿನ್ನ ಅತ್ತೆ,
ಸರಸಮ್ಮ

ಹಾಸನ
9 ಮಾರ್ಚ್ 2025, ಭಾನುವಾರ

ಅತ್ತೆ,

ಕಾಗದ ಓದಿ ಫೋನು ಕೈಗೆ ತೆಗೆದುಕೊಂಡು ಮತ್ತೆ ಇಟ್ಟೆ.

ಒಬ್ಬರೇ ನಿಂತು ಹೇಳಬಾರದಿತ್ತು. ನನ್ನನ್ನು ಕರೆಯಬೇಕಿತ್ತು. ನಾನು ನಿಮ್ಮ ಪಕ್ಕದಲ್ಲಿ ನಿಲ್ಲುತ್ತಿದ್ದೆ.

15ನೇ ತಾರೀಕು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಸೋಮವಾರಕ್ಕೂ ರಜೆ ಬರೆದುಕೊಟ್ಟಿದ್ದೇನೆ. ಮೇಡಂ ಯಾಕೆ ಎಂದು ಕೇಳಿದರು. ನಮ್ಮ ಅತ್ತೆಯ ಊರಿಗೆ ಎಂದೆ. ಇಷ್ಟು ದಿನ ಯಾರೂ ಇಲ್ಲ ಎನ್ನುತ್ತಿದ್ದೆಯಲ್ಲ ಎಂದರು.

ಸೋಮವಾರ ನಿಮ್ಮ ಜೊತೆ ಶಾಲೆಗೆ ಬರುತ್ತೇನೆ. ಸೊಪ್ಪು ಬಿಡಿಸಿಕೊಡುತ್ತೇನೆ. ಗಂಟೆ ಹೊಡೆದ ಮೇಲೆ ಮಕ್ಕಳ ಸಾಲಿನಲ್ಲಿ, ಡಬ್ಬಿ ತಂದ ಮಕ್ಕಳ ಪಕ್ಕದಲ್ಲೇ, ತಟ್ಟೆ ಇಟ್ಟುಕೊಂಡು ಕೂರುತ್ತೇನೆ. ಮೊದಲು ನನಗೆ ಬಡಿಸಿ.

ನೇತ್ರಾ